ಮಲೆನಾಡಿನ ಮೆದು ನೀರಿಗೆ ಬೇರೆಯೇ ಲೆಕ್ಕ

ಕೊಪ್ಪ ಸೀಮೆಯ ತೆರೆದ ಬಾವಿಯಿಂದ ಆಗಷ್ಟೇ ಸೇದಿದ ನೀರಿನ ಪಿಎಚ್ 6ರ ಆಸುಪಾಸು ಇದ್ದರೆ ಅಚ್ಚರಿಪಡಬೇಕಿಲ್ಲ. ಅದೇ ನೀರನ್ನು ಅಗಲಬಾಯಿಯ ಬಕೆಟ್ಟಿಗೆ ಸುರಿದು, ಜಗಲಿಯ ಮೇಲೆ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಚೆನ್ನಾಗಿ ಕಲಕಿ ಅಳೆದರೆ ಅದು 7 ದಾಟಿರುತ್ತದೆ. ಅದಕ್ಕೆ ಯಾರೂ ಸುಣ್ಣ ಬೆರೆಸಿಲ್ಲ. ನೆಲದೊಳಗೆ ಹೊತ್ತು ತಂದಿದ್ದ ಇಂಗಾಲದ ಡೈಆಕ್ಸೈಡನ್ನು ನೀರು ಗಾಳಿಗೆ ಬಿಟ್ಟುಕೊಟ್ಟಿದೆ. ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು, ಅದರೊಳಗೆ ಮೀನಿನಷ್ಟೇ ಅಕ್ಕರೆಯಿಂದ ಗಿಡ ಬೆಳೆಸುವವರು ದುಡ್ಡು ಕೊಟ್ಟು ನೀರಿಗೆ ಸೇರಿಸುವುದು ಇದೇ ಅನಿಲವನ್ನು. ಅದನ್ನು ಎಷ್ಟು ಸೇರಿಸಿದ್ದೇವೆ ಎಂದು ತಿಳಿಯುವುದು ಮಾತ್ರ ಸುಲಭವಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನೀರಿನಲ್ಲಿ ಅದು ಇನ್ನೂ ಕಷ್ಟ. ಈ ಅನಿಲ ಎಷ್ಟಿದೆ ಎಂದು ಹೇಳುವ, ಎಲ್ಲ ಕಡೆ ಹಂಚಿಕೆಯಾಗುವ ಲೆಕ್ಕದ ಪಟ್ಟಿ ಗಡಸು ನೀರಿನಲ್ಲಿ ಹೇಗೋ ನಡೆಯುತ್ತದೆ. ನಮ್ಮ ಮೆದು ನೀರಿನಲ್ಲಿ ದಾರಿ ತಪ್ಪಿಸುತ್ತದೆ.

ಗಿಡಕ್ಕೆ ಈ ಅನಿಲ ಏಕೆ ಬೇಕು ಎಂಬುದನ್ನು ಶಾಲೆಯಲ್ಲೇ ಓದಿದ್ದೇವೆ. ನೀರೊಳಗಿನ ಗಿಡದ ಕಷ್ಟ ಬೇರೆ. ಹೊರಗಿನ ಗಾಳಿಯೊಂದಿಗೆ ಸಮತೋಲಕ್ಕೆ ಬಂದ 25 ಡಿಗ್ರಿ ಸೆಲ್ಸಿಯಸ್ಸಿನ ನೀರಿನಲ್ಲಿ ಲೀಟರಿಗೆ ಸುಮಾರು 0.6 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಮಾತ್ರ ಉಳಿದಿರುತ್ತದೆ. ಅದು ಎಲೆಯತ್ತ ಸರಿಯುವ ವೇಗವೂ ಗಾಳಿಯಲ್ಲಿನ ವೇಗದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ನಿಂತ ನೀರಿನಲ್ಲಿ ಎಲೆಯ ಸುತ್ತಲಿನ ತೆಳುಪದರ ಖಾಲಿಯಾಯಿತೆಂದರೆ ಗಿಡ ಹಸಿದೇ ಕೂರಬೇಕು. ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ 1982ರಲ್ಲಿ ತಮ್ಮ ಸಂಸ್ಥೆ ಕಟ್ಟಿ, ಕಾಡಿನ ತುಣುಕನ್ನೇ ಗಾಜಿನೊಳಗೆ ನಿಲ್ಲಿಸಿದಂಥ ತೊಟ್ಟಿಗಳನ್ನು ಲೋಕಕ್ಕೆ ತೋರಿಸಿದರು. ಆ ಹಸಿರಿನ ಹಿಂದೆ ಇದ್ದದ್ದು ಒತ್ತಡದಲ್ಲಿ ತುಂಬಿದ ಸಿಲಿಂಡರ್. ಈಗ ಪ್ಲಾಂಟೆಡ್ ಟ್ಯಾಂಕ್ ಇಡುವವರೆಲ್ಲ ಲೀಟರಿಗೆ 20ರಿಂದ 30 ಮಿಲಿಗ್ರಾಂ ಎಂಬ ಗುರಿಯನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. 30ರ ಆಚೆಗೆ ಹೋದಷ್ಟೂ ಮೀನಿಗೆ ಅಪಾಯ ಹೆಚ್ಚು.

ಈ 30 ಎಂಬ ಅಂಕಿ ನಮ್ಮ ಗುಡ್ಡಗಳಿಗೆ ಹೊಸದಲ್ಲ. ಮಣ್ಣಿನ ಸಂದುಗಳಲ್ಲಿರುವ ಗಾಳಿ ನಾವು ಉಸಿರಾಡುವ ಗಾಳಿಯಂತಿಲ್ಲ. ಬೇರುಗಳು ಉಸಿರಾಡಿ, ದರಗು ಕೊಳೆತು, ಅಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತಾರು ಪಟ್ಟು ತುಂಬಿಕೊಂಡಿರುತ್ತದೆ. ಮಣ್ಣಿನ ಗಾಳಿಯಲ್ಲಿ ಅದು ಶೇ 2ರಷ್ಟಿದೆ ಎಂದಿಟ್ಟುಕೊಂಡರೆ, ಆ ಮಣ್ಣಿನಲ್ಲಿ ಇಳಿದ ಮಳೆನೀರು ಲೀಟರಿಗೆ ಸುಮಾರು 29 ಮಿಲಿಗ್ರಾಂ ಹೊತ್ತುಕೊಳ್ಳುತ್ತದೆ. ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬಿದ್ದ ನೀರು ಕಲ್ಲಿನಿಂದ ಕಲ್ಲಿಗೆ ಹಾರುತ್ತ ಸ್ವಲ್ಪ ದೂರ ಹರಿಯುವಷ್ಟರಲ್ಲಿ ಇದರ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಪೈಪಿನಲ್ಲಿ ನೇರ ಮನೆಗೆ ಬರುವ ಅಬ್ಬಿ ನೀರು ಮಾತ್ರ ಅದನ್ನು ಹೊತ್ತುಕೊಂಡೇ ಬರುತ್ತದೆ. ತೊಟ್ಟಿಯ ಕಾಲುಭಾಗ ನೀರು ಬದಲಿಸಿದ ದಿನ ಎಲೆಗಳ ಮೇಲೆ ಮುತ್ತು ಪೋಣಿಸಿದಂತೆ ಗುಳ್ಳೆ ಏಳುವುದನ್ನು ಕಂಡವರಿದ್ದಾರೆ. ಹೊಸ ನೀರು ಗಿಡಕ್ಕೆ ಹಿಡಿಸಿತು ಎಂದು ಸುಮ್ಮನಾಗುತ್ತಾರೆ. ನೀರು ತಂದ ಇಂಗಾಲದಿಂದ ಗಿಡ ಚುರುಕಾಗಿ ಆಹಾರ ತಯಾರಿಸಿತು, ಕರಗಲಾರದಷ್ಟು ಆಮ್ಲಜನಕ ಗುಳ್ಳೆಯಾಗಿ ನಿಂತಿತು ಎಂಬುದು ಅದರ ಪ್ರಮುಖ ಕಾರಣಗಳಲ್ಲೊಂದು. ಸಿಲಿಂಡರಿಗೆ ದುಡ್ಡು ಹಾಕಲಾಗದ ಮನೆಯವರು ಬೆಳಗ್ಗೆ ದೀಪ ಹೊತ್ತಿಸುವ ಮುಂಚೆ ಸ್ವಲ್ಪ ಸ್ವಲ್ಪ ಹಸಿ ಅಬ್ಬಿ ನೀರು ಬದಲಿಸಿಯೇ ಹಗುರ ಬೆಳಕಿನ ಗಿಡಗಳನ್ನು ಚೆನ್ನಾಗಿ ಇಟ್ಟುಕೊಳ್ಳಬಹುದು.

ಪಶ್ಚಿಮಘಟ್ಟದ ಜಲಸಸ್ಯಗಳ ಸ್ವಭಾವವೂ ಈ ನೀರಿಗೆ ತಕ್ಕಂತೆ ರೂಪುಗೊಂಡಿದೆ. ಲೋಕದ ತೊಟ್ಟಿಗಳಲ್ಲಿ ಕೆಂಪಗೆ ಮೆರೆಯುವ ರೊಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ ಗಿಡ. ಉದ್ದನೆಯ ಎಲೆಯ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಈ ಘಟ್ಟದಿಂದ ಇಳಿಯುವ ಹೊಳೆಗಳ ಗಿಡ. ಜಲಸಸ್ಯಗಳಲ್ಲಿ ಎರಡು ಬಗೆ. ಕೆಲವಕ್ಕೆ ಕರಗಿದ ಇಂಗಾಲದ ಡೈಆಕ್ಸೈಡೇ ಬೇಕು. ಇನ್ನು ಕೆಲವು ನೀರಿನಲ್ಲಿರುವ ಬೈಕಾರ್ಬನೇಟಿನಿಂದಲೂ ಇಂಗಾಲ ಎಳೆದುಕೊಳ್ಳುತ್ತವೆ. ಕೆರೆಯಲ್ಲಿ ಬೆಳೆಯುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಆ ಜಾತಿಯವು. ಯಾವ ಊರಿನಲ್ಲಿ ಯಾವ ಬಗೆ ಹೆಚ್ಚು ಎಂಬುದನ್ನು ಅಲ್ಲಿನ ಜಲಾನಯನದ ಬೈಕಾರ್ಬನೇಟ್ ಪ್ರಮಾಣ ನಿರ್ಧರಿಸುತ್ತದೆ ಎಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಐವರ್ಸನ್ ಮತ್ತು ಸಂಗಡಿಗರು ಜಗತ್ತಿನ ಹಲವೆಡೆಯ ಮಾಹಿತಿ ಸೇರಿಸಿ ತೋರಿಸಿದರು. ಬೈಕಾರ್ಬನೇಟ್ ಇಲ್ಲದ ನೀರಿನಲ್ಲಿ ಅದನ್ನು ಬಳಸುವ ಜಾಣ್ಮೆಯಿಂದ ಪ್ರಯೋಜನವಿಲ್ಲ. ಘಟ್ಟದ ಹೊಳೆಗಳಲ್ಲಿ ನೀರು ರಭಸವಾಗಿ ಧುಮುಕುವ ಬಂಡೆಗೇ ಪಾಚಿಯಂತೆ ಅಂಟಿಕೊಂಡು ಬದುಕುವ, ಮಳೆಗಾಲ ಕಳೆದು ನೀರು ಇಳಿದ ಮೇಲೆ ಹೂಬಿಡುವ ಪೊಡೊಸ್ಟೆಮೇಸಿ ಕುಟುಂಬದ ಗಿಡಗಳನ್ನು ನೋಡಿದರೆ ನೀರಿಗೆ ತಕ್ಕ ಈ ಸ್ವಭಾವ ಇನ್ನೂ ಸ್ಪಷ್ಟ. ಎಲೆಗೆ ತಾಗುವ ನೀರು ಕ್ಷಣಕ್ಷಣಕ್ಕೂ ಹೊಸದಾಗುವ ಜಾಗವನ್ನೇ ಅವು ಆರಿಸಿಕೊಂಡಿವೆ.

ತುಂಗೆಯೂ ಭದ್ರೆಯೂ ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ. ತುಂಗೆ ಶೃಂಗೇರಿ, ಹರಿಹರಪುರಗಳನ್ನು ಹಾದು ಹೋಗುತ್ತಾಳೆ. ಭದ್ರೆ ಬಾಳೆಹೊನ್ನೂರನ್ನು ಬಳಸಿ, ನರಸಿಂಹರಾಜಪುರದ ಬಳಿ ಲಕ್ಕವಳ್ಳಿ ಅಣೆಕಟ್ಟಿನ ಹಿನ್ನೀರಾಗಿ ಹರಡಿಕೊಳ್ಳುತ್ತಾಳೆ. ನದಿಮೂಲದ ಬೆಟ್ಟಗಳು ಬಲು ಹಳೆಯ ಗಟ್ಟಿಶಿಲೆಯವು. ನೀರಿಗೆ ಬೈಕಾರ್ಬನೇಟ್ ಕೊಡುವ ಸುಣ್ಣಕಲ್ಲು ಅಲ್ಲಿ ಮೇಲ್ಪದರದಲ್ಲಿಲ್ಲ. ಸಾವಿರಾರು ಮಳೆಗಾಲಗಳು ಮಣ್ಣಿನ ಕ್ಷಾರವನ್ನು ತೊಳೆದು ಸಮುದ್ರಕ್ಕೆ ಒಯ್ದಿವೆ. ಕಾಫಿ, ಅಡಿಕೆ ತೋಟದವರು ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಚೆಲ್ಲುವುದು ಈ ಕಾರಣಕ್ಕೇ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದಾಗಿನಿಂದ ಆ ಸೀಮೆಯ ಬೆಳೆಗಾರರಿಗೆ ಹುಳಿಮಣ್ಣು ಪರಿಚಿತ ವಿಷಯ. ಮಣ್ಣು ಹುಳಿಯಾದ ಅದೇ ಕಾರಣದಿಂದ ನೀರು ಮೆದುವಾಗಿದೆ ಎಂಬುದನ್ನು ಸೇರಿಸಿಕೊಂಡರೆ ತೊಟ್ಟಿಯ ಅರ್ಧ ಪಾಠ ಮುಗಿದಂತೆ. ಮೂರು ತಾಲ್ಲೂಕುಗಳೂ ಒಂದೇ ಎಂದಲ್ಲ. ಪಶ್ಚಿಮದ ಶೃಂಗೇರಿಯಿಂದ ಪೂರ್ವದ ನರಸಿಂಹರಾಜಪುರಕ್ಕೆ ಬರುವಷ್ಟರಲ್ಲಿ ಮಳೆ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಬಯಲಿನ ಕಡೆ ಸರಿದಂತೆ, ಅದರಲ್ಲೂ ಕೊಳವೆಬಾವಿಯ ನೀರಾದರೆ, ಗಡಸುತನ ಕಾಣಿಸಿಕೊಳ್ಳಬಹುದು. ನೆರೆಮನೆಯ ತೊಟ್ಟಿಯ ಅಂಕಿ ನಮ್ಮದಕ್ಕೆ ಹೊಂದಬೇಕಿಲ್ಲ.

ಇನ್ನು ಲೆಕ್ಕದ ಪಟ್ಟಿಗೆ ಬರೋಣ. ಪಿಎಚ್ ಅಳತೆಯನ್ನು 1909ರಲ್ಲಿ ರೂಪಿಸಿದ್ದು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೊರೆನ್ಸನ್. ಅದರ ಹಿಂದಿನ ವರ್ಷ ಅಮೆರಿಕದ ಹೆಂಡರ್ಸನ್ ಕಾರ್ಬೋನಿಕ್ ಆಮ್ಲ ಮತ್ತು ಬೈಕಾರ್ಬನೇಟುಗಳ ಸಂಬಂಧವನ್ನು ಸಮೀಕರಣವಾಗಿ ಬರೆದಿದ್ದರು. ಮುಂದೆ ಡೆನ್ಮಾರ್ಕಿನ ಹ್ಯಾಸೆಲ್‌ಬಾಲ್ಕ್ ಅದನ್ನು ಪಿಎಚ್ ರೂಪಕ್ಕೆ ತಂದರು. ಅವರ ಕಣ್ಣಿದ್ದದ್ದು ಮನುಷ್ಯನ ರಕ್ತದ ಮೇಲೆ. ಆ ಸೂತ್ರವೇ ಇಂದು ಮೀನಿನ ತೊಟ್ಟಿಗೂ ಬಂದಿದೆ. ಪಿಎಚ್ ಗೊತ್ತಿರಬೇಕು, ಕೆಎಚ್ ಗೊತ್ತಿರಬೇಕು. ಕೆಎಚ್ ಎಂದರೆ ನೀರಿನ ಬೈಕಾರ್ಬನೇಟ್ ಅಂಶವನ್ನು ಜರ್ಮನ್ ಡಿಗ್ರಿಯಲ್ಲಿ ಹೇಳುವ ಕ್ರಮ. ಕೆಎಚ್ ಅಂಕಿಯನ್ನು 3ರಿಂದ ಗುಣಿಸಿ, ಪಿಎಚ್ 7ಕ್ಕಿಂತ ಎಷ್ಟು ಕೆಳಗಿದೆಯೋ 10ರ ಅಷ್ಟು ಘಾತದಿಂದ ಮತ್ತೆ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಇದೆ ಎಂಬುದು ಸಿಗುತ್ತದೆ. ಕೆಎಚ್ 4, ಪಿಎಚ್ 6.6 ಇದ್ದರೆ ಉತ್ತರ 30. ಈ ಲೆಕ್ಕವನ್ನು ಮಾಡಿಟ್ಟ ಪಟ್ಟಿಯೇ ಎಲ್ಲೆಡೆ ಓಡಾಡುವುದು.

ಸೂತ್ರದಲ್ಲಿ ದೋಷವಿಲ್ಲ. ನೀರಿನಲ್ಲಿ ಪಿಎಚ್ ಇಳಿಸುವ ಆಮ್ಲ ಕಾರ್ಬೋನಿಕ್ ಒಂದೇ, ತಡೆಯುವ ಕ್ಷಾರ ಬೈಕಾರ್ಬನೇಟ್ ಒಂದೇ ಎಂದು ಅದು ನಂಬುತ್ತದೆ. ನಮ್ಮ ತೊಟ್ಟಿಯಲ್ಲಿ ಹಾಗಿರುವುದಿಲ್ಲ. ಹೊಳೆಬದಿಯಿಂದ ತಂದಿಟ್ಟ ಮರದ ಬೊಡ್ಡೆ, ಕೊಳೆಯುವ ಎಲೆ, ಗಿಡ ನೆಡಲು ಹಾಸಿದ ಮಣ್ಣು ಎಲ್ಲವೂ ತಮ್ಮ ತಮ್ಮ ಹುಳಿ ಬಿಡುತ್ತವೆ. ಗಡಸು ನೀರು ಈ ಹುಳಿಯನ್ನು ಅರಗಿಸಿಕೊಳ್ಳುತ್ತದೆ. ಕೆಎಚ್ 1ರ ಸುತ್ತಲಿನ ನೀರು ಅಷ್ಟಕ್ಕೇ ಮಣಿದುಬಿಡುತ್ತದೆ. ಅಂಥ ತೊಟ್ಟಿಯಲ್ಲಿ ಪಿಎಚ್ 5.8 ಕಂಡರೆ ಪಟ್ಟಿ ಹೇಳುವುದು ಸುಮಾರು 48 ಮಿಲಿಗ್ರಾಂ. ನಿಜದಲ್ಲಿ ಅಲ್ಲಿ 10 ಕೂಡ ಇಲ್ಲದಿರಬಹುದು. ಪಟ್ಟಿ ನಂಬಿದವರು ಹೆದರಿ ಗ್ಯಾಸು ತಗ್ಗಿಸುತ್ತಾರೆ, ಗಿಡದ ಹೊಸ ಚಿಗುರು ಮುರುಟುತ್ತದೆ, ಗಾಜಿಗೆ ಪಾಚಿ ಹಿಡಿಯುತ್ತದೆ. ಎರಡನೆಯ ತೊಡಕು ಕೆಎಚ್ ಕಿಟ್ಟಿನದು. 5 ಮಿಲಿಲೀಟರ್ ನೀರಿಗೆ ಹನಿ ಹನಿ ದ್ರಾವಣ ಹಾಕಿ, ಬಣ್ಣ ತಿರುಗುವವರೆಗೆ ಎಣಿಸುವುದು ಕ್ರಮ. ಒಂದು ಹನಿಗೆ ಒಂದು ಡಿಗ್ರಿ. ನೀರಿನ ನಿಜವಾದ ಕೆಎಚ್ 0.6 ಇದ್ದಾಗ ಒಂದೇ ಹನಿಗೆ ಬಣ್ಣ ತಿರುಗಿದರೆ ನಾವು ಅದನ್ನು 1 ಎಂದು ಬರೆದುಕೊಳ್ಳುತ್ತೇವೆ. ಅಲ್ಲಿಗೆ ಉತ್ತರ ಮೂರರಲ್ಲಿ ಎರಡು ಪಾಲಿನಷ್ಟು ಉಬ್ಬಿತು.

ಇದಕ್ಕೆ ಪರಿಹಾರ ಸರಳ. 5ರ ಬದಲು 20 ಮಿಲಿಲೀಟರ್ ನೀರು ತೆಗೆದುಕೊಂಡರೆ ಒಂದು ಹನಿಯ ಬೆಲೆ ಕಾಲು ಡಿಗ್ರಿಗೆ ಇಳಿಯುತ್ತದೆ. ಮೆದು ನೀರಿನವರೆಲ್ಲ ಹೀಗೇ ಅಳೆಯಬೇಕು. ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ್ದರೆ ಆ ವರದಿಯಲ್ಲೇ ‘ಟೋಟಲ್ ಆಲ್ಕಲಿನಿಟಿ’ ಎಂಬ ಸಾಲು ಇರುತ್ತದೆ. ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ ಕೊಟ್ಟ ಆ ಅಂಕಿಯನ್ನು 17.9ರಿಂದ ಭಾಗಿಸಿದರೆ ಕೆಎಚ್ ಸಿಕ್ಕಿತು. ‘ಹಾರ್ಡ್‌ನೆಸ್’ ಎಂಬ ಸಾಲನ್ನು ಇದಕ್ಕೆ ಬಳಸಬಾರದು, ಅದು ಬೇರೆ.

ನನ್ನ ದೃಷ್ಟಿಯಲ್ಲಿ ಮಲೆನಾಡಿನ ತೊಟ್ಟಿಗೆ ನಂಬಬಹುದಾದ ದಾರಿಗಳು ಎರಡೇ. ಮೊದಲನೆಯದು ತೊಟ್ಟಿಯ ನೀರನ್ನು ಅದೇ ನೀರಿನೊಂದಿಗೆ ಹೋಲಿಸುವುದು. ಗ್ಯಾಸು ಹರಿಯುತ್ತಿರುವ ಹೊತ್ತಿನಲ್ಲಿ ಒಂದು ಲೋಟ ನೀರು ತೆಗೆದು ಕೂಡಲೇ ಪಿಎಚ್ ಬರೆದುಕೊಳ್ಳಬೇಕು. ಆ ಲೋಟವನ್ನೇ ಜಗಲಿಯಂಥ ಗಾಳಿಯಾಡುವ ಜಾಗದಲ್ಲಿಟ್ಟು, ಏರ್ ಪಂಪಿನ ಕಲ್ಲು ಬಿಟ್ಟು, ಅನಿಲವೆಲ್ಲ ಹೋಗುವವರೆಗೆ ಕಾದು ಮತ್ತೆ ಅಳೆಯಬೇಕು. ಬೊಡ್ಡೆಯ ಹುಳಿ, ಮಣ್ಣಿನ ಹುಳಿ ಎರಡೂ ಸಲ ಅಷ್ಟೇ ಇರುತ್ತದೆ; ಬದಲಾದದ್ದು ಇಂಗಾಲದ ಡೈಆಕ್ಸೈಡ್ ಮಾತ್ರ. ಪಿಎಚ್ ಒಂದು ಅಂಕ ವ್ಯತ್ಯಾಸವೆಂದರೆ ಅನಿಲ ಹತ್ತು ಪಟ್ಟು ವ್ಯತ್ಯಾಸ. ಇಲ್ಲಿ ಒಂದು ಜನಪ್ರಿಯ ಸೂತ್ರವನ್ನು ತಿದ್ದಬೇಕಿದೆ. ‘ಪಿಎಚ್ ಒಂದು ಅಂಕ ಇಳಿದರೆ 30 ಮಿಲಿಗ್ರಾಂ ಆಯಿತು’ ಎನ್ನುತ್ತಾರೆ. ಗ್ಯಾಸು ಬಿಡುವ ಮುಂಚಿನ ತೊಟ್ಟಿಯಲ್ಲಿ, ಮೀನು ಮತ್ತು ಮಣ್ಣಿನ ಉಸಿರಿನಿಂದ, ಆಗಲೇ 2–3 ಮಿಲಿಗ್ರಾಂ ಇದ್ದರೆ ಆ ಮಾತು ಹೊಂದುತ್ತದೆ. ಲೋಟದ ನೀರನ್ನು ಪೂರ್ತಿ ಗಾಳಿಯಾಡಿಸಿ 0.6ಕ್ಕೆ ತಂದಾಗ ಒಂದು ಅಂಕಕ್ಕೆ ಸಿಗುವುದು ಕೇವಲ 6 ಮಿಲಿಗ್ರಾಂ. ಒಂದೂವರೆ ಅಂಕ ವ್ಯತ್ಯಾಸಕ್ಕೆ ಸುಮಾರು 19, ಒಂದು ಮುಕ್ಕಾಲರ ಹತ್ತಿರ ಬಂದಾಗ 30. ಕಿಟಕಿ ಮುಚ್ಚಿದ, ಜನ ತುಂಬಿದ ಕೋಣೆಯಲ್ಲಿ ಗಾಳಿಯಾಡಿಸಿದರೆ ಲೆಕ್ಕ ಮತ್ತೆ ಏರುಪೇರಾಗುತ್ತದೆ. ಅದಕ್ಕೇ ಜಗಲಿ ಎಂದದ್ದು.

ಇದಕ್ಕೆ ಪಿಎಚ್ ಮೀಟರ್ ಬೇಕು. ಬಣ್ಣ ತಿರುಗುವ ಪಿಎಚ್ ಕಾಗದದಿಂದ ಆಗುವ ಕೆಲಸವಲ್ಲ. ಮೀಟರಿನ ಜೊತೆ ಬರುವ ಪುಡಿಗಳನ್ನು ಶುದ್ಧ ನೀರಿನಲ್ಲಿ ಕರಗಿಸಿ 6.86 ಮತ್ತು 4.01ಕ್ಕೆ ಹೊಂದಿಸಿಕೊಳ್ಳಬೇಕು. ಮೆದು ನೀರಿನಲ್ಲಿ ಅಂಕಿ ನಿಧಾನಕ್ಕೆ ನೆಲೆನಿಲ್ಲುತ್ತದೆ, ಅವಸರ ಕೂಡದು. ತುದಿಯ ಗಾಜಿನ ಗುಬುಟು ಒಣಗಬಾರದು, ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿಡಲೂಬಾರದು. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಅದಕ್ಕೆ ಸರಿ.

ಎರಡನೆಯ ದಾರಿ ಡ್ರಾಪ್ ಚೆಕರ್. ತೊಟ್ಟಿಯೊಳಗೆ ಅಂಟಿಸುವ ಪುಟ್ಟ ಗಾಜಿನ ಬುರುಡೆ. ಅದರೊಳಗೆ ಕೆಎಚ್ 4ರ ದ್ರಾವಣ ಮತ್ತು ಬ್ರೋಮೊಥೈಮಾಲ್ ಬ್ಲೂ ಎಂಬ ಬಣ್ಣದ ಕೆಲವು ಹನಿ ಇರುತ್ತದೆ. ಬುರುಡೆಯ ದ್ರಾವಣಕ್ಕೂ ತೊಟ್ಟಿಯ ನೀರಿಗೂ ನಡುವೆ ಒಂದಿಷ್ಟು ಗಾಳಿ ಸಿಕ್ಕಿಬಿದ್ದಿರುತ್ತದೆ. ಆ ಗಾಳಿಯನ್ನು ದಾಟಿ ಬರಬಲ್ಲದ್ದು ಅನಿಲ ಮಾತ್ರ. ಬೊಡ್ಡೆಯ ಹುಳಿ ಈಚೆಗೇ ಉಳಿಯುತ್ತದೆ. ನಮ್ಮ ನೀರು ಎಷ್ಟು ಮೆದುವಾಗಿದ್ದರೂ ಬುರುಡೆಯೊಳಗಿನ ಕೆಎಚ್ ನಾವು ಇಟ್ಟ 4ರಲ್ಲೇ ಇರುತ್ತದೆ. ಹೀಗಾಗಿ ಪಟ್ಟಿಯ ಲೆಕ್ಕ ಅಲ್ಲಿ ಪ್ರಾಮಾಣಿಕವಾಗಿ ನಡೆಯುತ್ತದೆ: ಪಿಎಚ್ 7ಕ್ಕೆ 12 ಮಿಲಿಗ್ರಾಂ, 6.8ಕ್ಕೆ 19, 6.6ಕ್ಕೆ 30, 6.4ಕ್ಕೆ 48. ನೀಲಿಯೆಂದರೆ ಕಡಿಮೆ, ಎಳೆ ಹಸಿರೆಂದರೆ ಸರಿ, ಹಳದಿಯೆಂದರೆ ಮೀನಿಗೆ ಅಪಾಯ. ಜನ ತಪ್ಪುವುದು ಒಂದು ಕಡೆ: ಬುರುಡೆಗೆ ತೊಟ್ಟಿಯ ನೀರನ್ನೇ ತುಂಬುತ್ತಾರೆ. ನಮ್ಮ ಕೆಎಚ್ 1ರ ನೀರು ತುಂಬಿದರೆ 8 ಮಿಲಿಗ್ರಾಮಿಗೇ ಹಸಿರು ಬಂದು ಕೂರುತ್ತದೆ.

ಆ ದ್ರಾವಣವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ 1.2 ಗ್ರಾಂ ಅಡುಗೆ ಸೋಡಾ ಹಾಕಿ ಕರಗಿಸಿ. ಬೇಕಿಂಗ್ ಪೌಡರ್ ನಡೆಯದು, ಅದರಲ್ಲಿ ಹುಳಿಯೂ ಬೆರೆತಿರುತ್ತದೆ. ಇದು ಕೆಎಚ್ 40ರ ದ್ರಾವಣ. ಇದರ ಒಂದು ಪಾಲಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿದರೆ 4. ತೂಕಕ್ಕೆ ಚಿನ್ನ ತೂಗುವಂಥ ಸೂಕ್ಷ್ಮ ತಕ್ಕಡಿ ಬೇಕು. ಡ್ರಾಪ್ ಚೆಕರಿನ ಕೊರತೆ ಅದರ ನಿಧಾನ. ಅನಿಲ ಗಾಳಿಪದರ ದಾಟಿ ಬಣ್ಣ ತಿರುಗಿಸಲು ಒಂದೆರಡು ಗಂಟೆ ಹಿಡಿಯುತ್ತದೆ. ಈಗ ಕಾಣುವ ಹಸಿರು ಆಗಿನ ಸುದ್ದಿ. ಗ್ಯಾಸನ್ನು ದಿನಕ್ಕೆ ಸ್ವಲ್ಪವೇ ಹೆಚ್ಚಿಸಬೇಕು ಎನ್ನುವುದು ಅದಕ್ಕೇ. ಬಬಲ್ ಕೌಂಟರಿನಲ್ಲಿ ಸೆಕೆಂಡಿಗೆ ಇಷ್ಟು ಗುಳ್ಳೆ ಎಂದು ಎಣಿಸಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಂತೂ ಅಳತೆಯೇ ಅಲ್ಲ. ಗುಳ್ಳೆಯ ಗಾತ್ರ, ತೊಟ್ಟಿಯ ಗಾತ್ರ, ನೀರಿನ ಮೇಲ್ಮೈ ಅಲುಗಾಟ ಎಲ್ಲ ಬೇರೆ ಬೇರೆ.

ಎಲ್ಲ ಅಂಕಿಗಳಿಗಿಂತ ಮೊದಲು ನೋಡಬೇಕಾದದ್ದು ಮೀನನ್ನು. ಮೀನಿನ ರಕ್ತದ ಇಂಗಾಲದ ಡೈಆಕ್ಸೈಡ್ ಕಿವಿರಿನ ಮೂಲಕ ನೀರಿಗೆ ಸರಿಯಬೇಕು. ನೀರಿನಲ್ಲೇ ಅದು ತುಂಬಿದ್ದರೆ ಹೊರಹೋಗಲು ದಾರಿಯಿಲ್ಲ. ರಕ್ತ ಹುಳಿಯಾಗುತ್ತದೆ, ಹಿಮೋಗ್ಲೋಬಿನ್ ಆಮ್ಲಜನಕ ಹಿಡಿಯುವ ಬಲ ಕಳೆದುಕೊಳ್ಳುತ್ತದೆ. ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಇದರಿಂದ. ಹರಿವ ಹೊಳೆಯ ಮೀನುಗಳಿಗೆ ಈ ತಾಳಿಕೆ ಇನ್ನೂ ಕಡಿಮೆ ಎಂದೇ ಭಾವಿಸಿ ನಡೆಯುವುದು ಒಳ್ಳೆಯದು. ಶೃಂಗೇರಿಯ ಸ್ನಾನಘಟ್ಟದಲ್ಲಿ ಮಂಡಕ್ಕಿಗೆ ಮುಗಿಬೀಳುವ ದೇವರ ಮೀನುಗಳಲ್ಲಿ ಕಾಣುವ ಮಹಶೀರ್ ಹೆಚ್ಚು ಆಮ್ಲಜನಕ ಬೇಡುವ ಜಾತಿ. ಹೊಳೆಯಿಂದ ಮರಿ ಹಿಡಿದು ತೊಟ್ಟಿಗೆ ತರುವ ಆಸೆ ಯಾರಿಗೂ ಬೇಡ. ಮೀನು ತೇಕತೊಡಗಿದರೆ ಅಳತೆ ಆಮೇಲೆ. ಮೊದಲು ಗ್ಯಾಸು ನಿಲ್ಲಿಸಿ, ಏರ್ ಪಂಪ್ ಹಾಕಿ, ನೀರನ್ನು ಕಲಕಿ.

ಮಳೆಗಾಲದ ಕರೆಂಟು ನಮ್ಮ ಕಡೆಯ ದೊಡ್ಡ ಆತಂಕ. ಸಿಲಿಂಡರಿಗೆ ಸೊಲೆನಾಯ್ಡ್ ವಾಲ್ವ್ ಇದ್ದರೆ ಕರೆಂಟು ಹೋದೊಡನೆ ಗ್ಯಾಸು ತಾನೇ ನಿಲ್ಲುತ್ತದೆ. ಸಕ್ಕರೆ-ಯೀಸ್ಟಿನ ಬಾಟಲಿಗೆ, ಕೈಯಿಂದ ತಿರುಗಿಸುವ ವಾಲ್ವಿಗೆ ಆ ರಕ್ಷಣೆಯಿಲ್ಲ. ಫಿಲ್ಟರು ನಿಂತರೂ ಗ್ಯಾಸು ಹರಿಯುತ್ತಲೇ ಇರುತ್ತದೆ. ಇದಕ್ಕಿಂತ ಗುಟ್ಟಾದ ಅಪಾಯ ಮುಳ್ಳು ತಿರುಗುವ ಟೈಮರಿನದು. ಐದು ಗಂಟೆ ಕರೆಂಟು ಇಲ್ಲದಿದ್ದರೆ ಟೈಮರೂ ಐದು ಗಂಟೆ ಹಿಂದೆ ಬೀಳುತ್ತದೆ. ಸಂಜೆ 5ಕ್ಕೆ ಮುಚ್ಚಬೇಕಿದ್ದ ಗ್ಯಾಸು ರಾತ್ರಿ 10ರವರೆಗೆ ತೆರೆದಿರುತ್ತದೆ. ತೊಟ್ಟಿಯ ದೀಪವನ್ನು ಹೊತ್ತಿಗೆ ಸರಿಯಾಗಿ ಕೈಯಿಂದ ಆರಿಸಿದ ಮನೆಯಲ್ಲಿ ಆಗ ಗಿಡಗಳು ಇಂಗಾಲ ಎಳೆದುಕೊಳ್ಳುವುದನ್ನು ನಿಲ್ಲಿಸಿ, ತಾವೂ ಬಿಡತೊಡಗಿರುತ್ತವೆ. ಆಷಾಢದ ಸತತ ಮಳೆಯಲ್ಲಿ ದಿನಕ್ಕೆ ಹಲವು ಸಲ ಕರೆಂಟು ಹೋಗಿ ಟೈಮರ್ ಹಿಂದೆ ಬಿದ್ದರೆ ಬೆಳಗಿನ ಹೊತ್ತಿಗೆ ತೊಟ್ಟಿ ಹಾಳಾಗಿರುತ್ತದೆ. ಬ್ಯಾಟರಿಯಿರುವ ಡಿಜಿಟಲ್ ಟೈಮರಿಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಮಳೆಗೆ ಬಾವಿ ತುಂಬಿದ ಮೇಲೆ ನೀರಿನ ಕೆಎಚ್ ಬದಲಾಗಬಹುದು ಎಂಬುದೂ ನೆನಪಿರಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಅಳೆದು ಬರೆದಿಡಿ.

ಹೊಸದಾಗಿ ಶುರುಮಾಡುವವರು ಸಿಲಿಂಡರಿಗೆ ಮುಂಚೆ ಕೆಎಚ್ ಕಿಟ್ಟು ಮತ್ತು ಡ್ರಾಪ್ ಚೆಕರ್ ಕೊಳ್ಳಲಿ ಎಂಬುದು ನನ್ನ ಖಚಿತ ಸಲಹೆ. ಇನ್ನೊಂದು ಕೋರಿಕೆ ನಮ್ಮ ಕಾಲೇಜುಗಳಿಗೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ಕಡೆ ಪದವಿ ತರಗತಿಗಳಿವೆ. ಬಿ.ಎಸ್ಸಿ. ಮಟ್ಟದ ಪ್ರಯೋಗಾಲಯಗಳಲ್ಲಿ ಫಿನಾಲ್ಫ್‌ಥಲೀನ್ ಹಾಕಿ, ಸೋಡಿಯಂ ಹೈಡ್ರಾಕ್ಸೈಡಿನಿಂದ ನೀರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಪ್ರಯೋಗ ಹೊಸದೇನಲ್ಲ. 44ರಲ್ಲಿ ಒಂದು ನಾರ್ಮಲ್ ದ್ರಾವಣ ಬಳಸಿದರೆ, 100 ಮಿಲಿಲೀಟರ್ ನೀರು ಗುಲಾಬಿಯಾಗಲು ಬೇಕಾದ ಮಿಲಿಲೀಟರ್ ಸಂಖ್ಯೆಯನ್ನು 10ರಿಂದ ಗುಣಿಸಿದರೆ ಸಾಕು. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಬಾವಿ, ಅಬ್ಬಿ, ಹಳ್ಳಗಳ ಆಲ್ಕಲಿನಿಟಿಯನ್ನೂ ಈ ಅನಿಲವನ್ನೂ ಬೇಸಿಗೆಯ ಕೊನೆಗೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಅಳೆದು ಊರುವಾರು ಪಟ್ಟಿ ಮಾಡಲಿ. ತೊಟ್ಟಿ ಇಡುವವರಿಗೂ ತೋಟದವರಿಗೂ ಅದು ಉಪಯೋಗಕ್ಕೆ ಬರುತ್ತದೆ. ಬಾಟಲಿಯನ್ನು ನೀರಿನೊಳಗೇ ಮುಳುಗಿಸಿ ಕಂಠಪೂರ್ತಿ ತುಂಬಿಸಿ, ಗಾಳಿ ಉಳಿಯದಂತೆ ಅಲ್ಲೇ ಬಿರಡೆ ಹಾಕಿ, ಸಾಧ್ಯವಾದರೆ ಆ ಜಾಗದಲ್ಲೇ ಅಳೆಯಬೇಕು. ಬಸ್ಸಿನಲ್ಲಿ ಕುಲುಕಿಕೊಂಡು ಬಂದ ಅರ್ಧ ಬಾಟಲಿ ನೀರಿನಲ್ಲಿ ಅಳೆಯಲು ಏನೂ ಉಳಿದಿರುವುದಿಲ್ಲ.